ಸಿಜೆ-3ಬಿ ಜೀಪಿಗೆ ಪ್ಯೂಜೋ ಡೀಸೆಲ್: ಎಂಜಿನ್ ಮೌಂಟ್ ಬಿರುಕು ಬಿಡುತ್ತಿದೆ, ಯಾವ ಸ್ಟೀಲ್ ಹಾಕಬೇಕು?

ತೋಟದಜೀಪು (ಮೂಡಿಗೆರೆ)

ನಮಸ್ಕಾರ. ನಮ್ಮದು ತೋಟದಲ್ಲಿ ಓಡುವ ಹಳೆಯ ಮಹೀಂದ್ರ ಸಿಜೆ-3ಬಿ. ಹರಿಕೇನ್ ಪೆಟ್ರೋಲ್ ಎಂಜಿನ್ ಕೆಳಗಿಳಿಸಿ, ಮಹೀಂದ್ರದ್ದೇ ಎಂಎಂ540 ಜೀಪಿನಲ್ಲಿ ಬರುತ್ತಿದ್ದ ಪ್ಯೂಜೋ ಎಕ್ಸ್‌ಡಿಪಿ 4.90 ಡೀಸೆಲ್ ಕೂರಿಸಿದ್ದೇವೆ. 2112 ಸಿಸಿಯದು. ಗೇರ್‌ಬಾಕ್ಸ್ ಹಳೆಯ ಮೂರು ಗೇರಿನ ಟಿ-90, ಅದರ ಹಿಂದೆ ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಇವೆರಡನ್ನೂ ಮುಟ್ಟಿಲ್ಲ.

ಎಂಜಿನ್ ಹೊರುವ ಮೌಂಟ್ ಬ್ರಾಕೆಟ್ ಮಾತ್ರ ಹೊಸದಾಗಿ ಮಾಡಿಸಿದ್ದು. 8 ಮಿ.ಮೀ. ದಪ್ಪ, 75 ಮಿ.ಮೀ. ಅಗಲದ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ. ಚಾಸಿಯಿಂದ ಸುಮಾರು 120 ಮಿ.ಮೀ. ಹೊರಗೆ ಚಾಚಿಕೊಂಡಿದೆ. ಅದರ ಮೇಲೆ ಕನ್ವೇಯರ್ ಬೆಲ್ಟಿನ ರಬ್ಬರ್ ತುಂಡು, ಅದರ ಮೇಲೆ ಎಂಜಿನ್. ಈಗ ಒಂದು ಬ್ರಾಕೆಟ್ ಬಿರುಕು ಬಿಟ್ಟಿದೆ. ವೆಲ್ಡ್ ಮಾಡಿಸಿದೆವು, ಮತ್ತೆ ಬಿಟ್ಟಿತು.

ಒಬ್ಬರು ಲಾರಿ ಕಮಾನ್ ಪಟ್ಟಿ ಹಾಕಿ ಅಂತಾರೆ. ಇನ್ನೊಬ್ಬರು ಶಾಫ್ಟ್ ಮಾಡುವ ಇಎನ್8 ಸ್ಟೀಲ್. ಮತ್ತೊಬ್ಬರು ಎಂಎಸ್‌ಗಿಂತ ಗಟ್ಟಿಯ ಇ350 ಪ್ಲೇಟು, ಇಲ್ಲಾಂದ್ರೆ ಸ್ಟೇನ್‌ಲೆಸ್. ಕಾಫಿ ಕೊಯ್ಲು ಶುರುವಾಗುವ ಮೊದಲು ಗಾಡಿ ಸರಿಯಾಗಬೇಕು. ಯಾವುದು ತರಲಿ?

ಬಿಎಂರೋಡ್_ವೆಲ್ಡರ್ (ಹಾಸನ)

ಸ್ಟೀಲ್ ಆಮೇಲೆ. ಮೊದಲು ಎರಡು ಪ್ರಶ್ನೆ. ಬಿರುಕು ಬಿಟ್ಟಿದ್ದು ಎಡಗಡೆಯದು, ಅಲ್ವಾ? ಚಾಸಿಗೆ ವೆಲ್ಡ್ ಆಗಿರುವ ಅಂಚಿನಲ್ಲಿ, ವೆಲ್ಡ್ ಮುಗಿದು ಪಟ್ಟಿ ಶುರುವಾಗುವ ಗೆರೆಯ ಮೇಲೇ?

ತೋಟದಜೀಪು

ಹೌದು! ಎಡಗಡೆಯದೇ, ಅದೇ ಗೆರೆ. ಹೇಗೆ ಗೊತ್ತಾಯಿತು? ವೆಲ್ಡಿಂಗ್ ರಾಡು ಇ6013. ಮಳೆಗಾಲದಲ್ಲಿ ಮಾಡಿದ ಕೆಲಸ.

ಬಿಎಂರೋಡ್_ವೆಲ್ಡರ್

ಮಂತ್ರ ಏನಿಲ್ಲ. ಮುಂದಿನಿಂದ ನೋಡಿದರೆ ಎಂಜಿನ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಆ ಕಡೆ ತಿರುಗಿಸಬೇಕಾದರೆ ಎಂಜಿನ್ ತಾನು ಈ ಕಡೆ ಮಗುಚಲು ನೋಡುತ್ತದೆ. ಹಾಗಾಗಿ ಗಾಡಿ ಮುಂದಕ್ಕೆ ಎಳೆಯುವಾಗ ಎಡ ಮೌಂಟನ್ನು ಮೇಲಕ್ಕೆ ಕೀಳುತ್ತದೆ, ಬಲದ್ದನ್ನು ಕೆಳಗೆ ಒತ್ತುತ್ತದೆ. ಕೀಳುವ ಕಡೆ ಬಿರುಕು ಬೇಗ ತೆರೆದುಕೊಳ್ಳುತ್ತದೆ.

ಎಷ್ಟು ಬಲ ಅಂತ ಲೆಕ್ಕ ಹಾಕೋಣ. ಈ ಎಂಜಿನ್ನಿನ ಟಾರ್ಕ್ (ತಿರುಚುವ ಬಲ) ಸುಮಾರು 120 ನ್ಯೂಟನ್ ಮೀಟರ್. ಆದರೆ ಮೌಂಟಿಗೆ ಬರುವುದು ಅಷ್ಟೇ ಅಲ್ಲ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎಲ್ಲಾ ಒಂದೇ ಗಡ್ಡೆಯಾಗಿ ಬೋಲ್ಟ್ ಆಗಿವೆ. ಆದ್ದರಿಂದ ಶಾಫ್ಟಿಗೆ ಹೋಗುವ ಪೂರ್ತಿ ಟಾರ್ಕ್ ಮೌಂಟುಗಳ ಮೇಲೆ ವಾಪಸ್ ಬರುತ್ತದೆ. ಟಿ-90ರ ಮೊದಲ ಗೇರ್ 2.8, ಟ್ರಾನ್ಸ್‌ಫರ್ ಕೇಸಿನ ಲೋ ರೇಂಜ್ (ನಿಧಾನದ, ಜಾಸ್ತಿ ಎಳೆತದ ಗೇರ್) 2.46. ಗುಣಿಸಿದರೆ ಸುಮಾರು 826 ನ್ಯೂಟನ್ ಮೀಟರ್. ಎರಡು ಮೌಂಟುಗಳ ನಡುವೆ ಅರ್ಧ ಮೀಟರ್ ಅಂತ ಇಟ್ಟುಕೊಂಡರೆ ಒಂದೊಂದಕ್ಕೂ 1,650 ನ್ಯೂಟನ್. ಅಂದರೆ ಸುಮಾರು 165 ಕೆ.ಜಿ. ತೂಕದಷ್ಟು ಎಳೆತ. ಹಿಂದಿನ ಮೌಂಟ್ ಸ್ವಲ್ಪ ಹೊರುತ್ತದೆ, ಎಂಜಿನ್ನಿನ ತೂಕವೂ ಇದೆ. ಎರಡನ್ನೂ ಬಿಟ್ಟಿದ್ದೇನೆ.

ಈ ಬಲ 120 ಮಿ.ಮೀ. ದೂರದಲ್ಲಿ ನಿಮ್ಮ ಪಟ್ಟಿಯನ್ನು ಬಗ್ಗಿಸುತ್ತದೆ. 75 ಅಗಲ, 8 ದಪ್ಪದ ಚಪ್ಪಟೆ ಪಟ್ಟಿಯಲ್ಲಿ ಆಗ ಬರುವ ಒತ್ತಡ 247 ಮೆಗಾಪ್ಯಾಸ್ಕಲ್ (ಒಂದು ಚದರ ಮಿ.ಮೀ.ಗೆ ಅಷ್ಟು ನ್ಯೂಟನ್). ಅಂಗಡಿಯಲ್ಲಿ ಎಂಎಸ್ ಅಂತ ಕೊಡುವ ಐಎಸ್ 2062ರ ಇ250 ಪ್ಲೇಟು 250ಕ್ಕೆ ಬಗ್ಗಿ ಹಾಗೇ ಉಳಿಯುತ್ತದೆ. ನೋಡಿ, ಲೋ ರೇಂಜಿನ ಮೊದಲ ಗೇರಿನಲ್ಲಿ ಝಟಕಾ ಇಲ್ಲದೆ ಪೂರ್ತಿ ಎಳೆದರೂ ಅಂಚಿಗೇ ಬಂದಿದ್ದೀರಿ. ತೋಟದ ರಸ್ತೆಯಲ್ಲಿ ಕ್ಲಚ್ ಪಟ್ಟಂತ ಬಿಟ್ಟರೆ, ಗುಂಡಿಗೆ ಬಿದ್ದರೆ, ಮೂರು ಪಟ್ಟು ಅಂತ ಲೆಕ್ಕ ಇಡಬೇಕು. ಆಗ 742.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇ350 ಹಾಕಿದರೆ ಮಿತಿ 350ಕ್ಕೆ ಏರುತ್ತದೆ. 742ಕ್ಕೆ ಅದು ಎಲ್ಲಿ ಸಾಕು? ಅದೇ ಪಟ್ಟಿಯನ್ನು 10 ಮಿ.ಮೀ. ಮಾಡಿದರೂ 475 ಬರುತ್ತದೆ. ಬದಲಿಗೆ 50×50ರ, 5 ಮಿ.ಮೀ. ಗೋಡೆಯ ಚೌಕ ಪೈಪ್ ತುಂಡು ಹಾಕಿ. ಮೂರು ಪಟ್ಟು ಹೊಡೆತಕ್ಕೂ ಬರೀ 48! ಅದೂ ಸಾಮಾನ್ಯ ಎಂಎಸ್‌ನಲ್ಲಿ. ಸ್ಟೀಲ್ ಬದಲಿಸಿ ಆಗದ ಕೆಲಸ ಆಕಾರ ಬದಲಿಸಿದರೆ ಆಗುತ್ತದೆ.

ಇನ್ನೊಂದು ವಿಷಯ ಜನ ಗಮನಿಸಲ್ಲ. ಅಲುಗಾಡದಂತೆ ಗಟ್ಟಿಯಾಗಿರಲಿ ಅಂತ ದುಬಾರಿ ಸ್ಟೀಲ್ ತರುತ್ತಾರೆ. ಎಂಎಸ್ ಆಗಲಿ, ಇ350 ಆಗಲಿ, ಇಎನ್8 ಆಗಲಿ, ಒಂದೇ ಬಲಕ್ಕೆ ಎಷ್ಟು ಬಗ್ಗುತ್ತದೆ ಅನ್ನುವುದು ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ, ಅದರ ಅಳತೆ (ಇಲಾಸ್ಟಿಕ್ ಮಾಡ್ಯುಲಸ್) 200 ಗಿಗಾಪ್ಯಾಸ್ಕಲ್ ಆಸುಪಾಸು. ಅದೇ ರೀತಿ ವೆಲ್ಡ್ ಅಂಚಿನಲ್ಲಿ ದಣಿದು ಬರುವ ಬಿರುಕಿಗೂ ಪ್ಲೇಟಿನ ಗ್ರೇಡ್ ಅಷ್ಟಾಗಿ ಲೆಕ್ಕಕ್ಕಿಲ್ಲ. ನಾಲ್ಕು ಸಿಲಿಂಡರ್ ಎಂಜಿನ್ 750 ಆರ್‌ಪಿಎಂನಲ್ಲಿ ಸುಮ್ನೆ ನಿಂತಿದ್ದರೂ ಸೆಕೆಂಡಿಗೆ 25 ಸಲ ಗುದ್ದುತ್ತದೆ. ಗಂಟೆಗೆ 90,000. ಒತ್ತಡ ಕಡಿಮೆ ಇದ್ದರೆ ವೆಲ್ಡ್ ತಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಕಮಾನ್ ಪಟ್ಟಿ ಅಂತೂ ಬೇಡವೇ ಬೇಡ. ಅದರಲ್ಲಿ ಕಾರ್ಬನ್ ಜಾಸ್ತಿ. ವೆಲ್ಡ್ ಪಕ್ಕದಲ್ಲಿ ಬೇಗ ತಣ್ಣಗಾದ ಜಾಗ ಗಾಜಿನಂತೆ ಪೆಡಸಾಗುತ್ತದೆ. ಇಎನ್8ರಲ್ಲಿ ಕಾರ್ಬನ್ ಸುಮಾರು 0.4 ಶೇಕಡ. ಮೊದಲೇ ಬಿಸಿ ಮಾಡಿ, ಆಮೇಲೆ ನಿಧಾನ ಆರಿಸಿ ವೆಲ್ಡ್ ಮಾಡಬೇಕು. ಚಾಸಿ ಮೇಲೆ ಅದು ಆಗುವ ಮಾತಲ್ಲ. ಸ್ಟೇನ್‌ಲೆಸ್ 304ರ ಮಿತಿ 205ರ ಆಸುಪಾಸು, ಎಂಎಸ್‌ಗಿಂತ ಕಮ್ಮಿ. ದುಡ್ಡು ದಂಡ. ಸತು ಲೇಪಿಸಿದ ಜಿಐ ನೀರಿನ ಪೈಪೂ ಬೇಡ. ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ ಗ್ಯಾರಂಟಿ.

ಕಳಸ_4x4

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಗುಜರಿ ತುಂಡು ತಂದರೆ ಮೊದಲು ಗ್ರೈಂಡರ್ ಹಚ್ಚಿ ಕಿಡಿ ನೋಡಿ. ಎಂಎಸ್ ಕಿಡಿ ಉದ್ದಕ್ಕೆ, ಸಾದಾ ಗೆರೆಯಾಗಿ ಹೋಗುತ್ತದೆ. ಕಾರ್ಬನ್ ಜಾಸ್ತಿ ಇದ್ದರೆ ಸುರ್‌ಸುರ್‌ಬತ್ತಿಯ ಹಾಗೆ ಕವಲೊಡೆದು ಸಿಡಿಯುತ್ತದೆ. ಅನುಮಾನ ಬಂದರೆ ಆ ತುಂಡು ಗೇಟಿಗೆ ಹಾಕಿ, ಜೀಪಿಗೆ ಬೇಡ.

ಕನ್ವೇಯರ್ ಬೆಲ್ಟನ್ನೂ ತೆಗೆಯಿರಿ. ಒಳಗೆ ಬಟ್ಟೆ ಪದರ ಇರುತ್ತದೆ, ಕುಗ್ಗುವುದೇ ಇಲ್ಲ. ಗುದ್ದೆಲ್ಲಾ ನೇರ ಬ್ರಾಕೆಟಿಗೇ. ಎಂಎಂ540ರ ಎಂಜಿನ್ ಮೌಂಟ್ ರಬ್ಬರ್ ಹುಡುಕಿ, ಆ ಎಂಜಿನ್ನಿಗೆ ಅಂತಲೇ ಮಾಡಿದ್ದು. ಮತ್ತೆ, ಆರ್‌ಸಿ ವಿಚಾರ ಮಾಡಿದ್ದೀರಾ? ಎಂಜಿನ್ ನಂಬರ್, ಇಂಧನ ಎರಡೂ ಬದಲಾಗಿವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ತೋಟದಿಂದ ಹೊರಗೆ ಬರುವ ಮೊದಲು ಕೇಳಿಕೊಳ್ಳಿ.

ತೋಟದಜೀಪು

ಆರ್‌ಟಿಒದಲ್ಲಿ ವಿಚಾರಿಸುತ್ತೇನೆ. ಗಾಡಿ ಸದ್ಯ ತೋಟದೊಳಗೇ ಇದೆ.

ಒಂದು ತೊಡಕು. ಎಕ್ಸಾಸ್ಟ್ ಇರುವ ಕಡೆ 50ರ ಪೈಪಿಗೆ ಜಾಗ ಇಲ್ಲ, ಹೆಚ್ಚೆಂದರೆ 42 ಮಿ.ಮೀ. ಸಿಗುತ್ತದೆ. ಚಾಸಿ ಅಳೆದೆ, ತಗಡು 3 ಮಿ.ಮೀ. ಮಾತ್ರ. 5ರ ಪೈಪನ್ನು ಅದಕ್ಕೆ ನೇರ ಅಂಟಿಸಬಹುದಾ?

ಬಿಎಂರೋಡ್_ವೆಲ್ಡರ್

40×40, 4 ಮಿ.ಮೀ. ಹಾಕಿ. ಮೂರು ಪಟ್ಟು ಹೊಡೆತಕ್ಕೆ 94 ಬರುತ್ತದೆ. ಅದರ ಕೆಳಗೆ 6 ಮಿ.ಮೀ. ಪ್ಲೇಟಿನ ತ್ರಿಕೋನ ಗಸೆಟ್ (ಮೂಲೆಗೆ ಕೊಡುವ ಆಧಾರ) ಕೊಟ್ಟರೆ ಇನ್ನೂ ಇಳಿಯುತ್ತದೆ. ಕೇಳುವಾಗ ಐಎಸ್ 4923 ಚೌಕ ಪೈಪ್ ಅಂತ ಕೇಳಿ. ಗ್ರಿಲ್ಲಿಗೆ ಹಾಕುವ ತೆಳು ಪೈಪ್ ಕೊಟ್ಟರೆ ವಾಪಸ್ ಮಾಡಿ. ವರ್ನಿಯರ್ ಜೇಬಲ್ಲಿರಲಿ.

ನೇರ ಅಂಟಿಸಬೇಡಿ. ಬ್ರಾಕೆಟ್ ಉಳಿಯುತ್ತದೆ, ಚಾಸಿ ಹರಿಯುತ್ತದೆ. ಮೊದಲು ಚಾಸಿಯ ನಿಂತ ಮುಖಕ್ಕೆ 4 ಮಿ.ಮೀ. ಪ್ಯಾಚ್ ಪ್ಲೇಟು, ಬ್ರಾಕೆಟಿಗಿಂತ ಎರಡು ಪಟ್ಟು ಉದ್ದ. ತುದಿಗಳನ್ನು ವಜ್ರದ ಆಕಾರಕ್ಕೆ ಕತ್ತರಿಸಿ. ವೆಲ್ಡ್ ಉದ್ದಕ್ಕೆ ಓಡಲಿ, ಚಾಸಿಗೆ ಅಡ್ಡವಾಗಿ ನೆಟ್ಟಗೆ ಗೆರೆ ಎಳೆಯಬೇಡಿ. ಮೇಲಿನ, ಕೆಳಗಿನ ಮಡಿಕೆಯ ಅಂಚನ್ನು ಮುಟ್ಟಲೇಬೇಡಿ.

ಇ6013 ತಪ್ಪೇನಲ್ಲ. ಆದರೆ ನಾನಾದರೆ ಇ7018 ಹಾಕುತ್ತೇನೆ. ಅದು ತೇವ ಕುಡಿದಿದ್ದರೆ ಉಪಯೋಗವಿಲ್ಲ. ನಿಮ್ಮ ಕಡೆಯ ಹವೆಯಲ್ಲಿ ಪೊಟ್ಟಣ ಒಡೆದಿಟ್ಟ ರಾಡು ಕೂಡಲೇ ತೇವ ಎಳೆಯುತ್ತದೆ. ಕಂಪನಿ ಪೊಟ್ಟಣದ ಮೇಲೆ ಬರೆದಷ್ಟು ಶಾಖದಲ್ಲಿ, ಸಾಮಾನ್ಯವಾಗಿ 300 ಡಿಗ್ರಿ ಆಸುಪಾಸು, ಒಲೆಯಲ್ಲಿ ಒಣಗಿಸಿಕೊಳ್ಳಬೇಕು. ಬಿಸಿಲಿಗಿಟ್ಟರೆ ಆಗಲ್ಲ. ಹಳೆಯ ಬಿರುಕಿನ ಮೇಲೆ ಮತ್ತೆ ವೆಲ್ಡ್ ಬೇಡ. ಆ ಬ್ರಾಕೆಟ್ ಪೂರ್ತಿ ಕತ್ತರಿಸಿ ತೆಗೆದು, ಚಾಸಿ ಜಾಗವನ್ನು ನುಣ್ಣಗೆ ಮಾಡಿ, ಡೈ ಪೆನಿಟ್ರೆಂಟ್ ಹೊಡೆದು ನೋಡಿ. ಕೆಂಪು ಬಣ್ಣ, ಒರೆಸಿದ ಮೇಲೆ ಬಿಳಿ ಪುಡಿ. ಚಾಸಿಗೂ ಬಿರುಕು ಇಳಿದಿದ್ದರೆ ಕೆಂಪು ಗೆರೆ ಮೂಡುತ್ತದೆ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿ. ಅರ್ಥ್ ಕ್ಲಾಂಪನ್ನು ಕೆಲಸದ ಪಕ್ಕದಲ್ಲೇ ಹಚ್ಚಿ, ಕರೆಂಟು ಬೇರಿಂಗ್ ಮೂಲಕ ಹಾಯಬಾರದು. ಈ ಜೀಪಿನ ಟ್ಯಾಂಕು ಸೀಟಿನ ಕೆಳಗಿರುವುದು ನೆನಪಿರಲಿ, ಇಳಿಸಿಯೇ ಶುರು ಮಾಡಿ.

ಬೋಲ್ಟ್ 8.8 ಗ್ರೇಡಿನ ಎಂ12. ಎಕ್ಸಾಸ್ಟ್ ಪಕ್ಕ ನೈಲಾನ್ ಲಾಕ್ ನಟ್ ಬೇಡ, ಪೂರ್ತಿ ಲೋಹದ್ದು ಹಾಕಿ. ಎಡಗಡೆಯ ರಬ್ಬರ್ ಹರಿದರೂ ಎಂಜಿನ್ ಮೇಲೇಳದಂತೆ ಬೋಲ್ಟ್ ರಬ್ಬರಿನ ನಡುವೆ ಪೂರ್ತಿ ಹಾಯ್ದು, ಕೆಳಗೆ ರಬ್ಬರಿಗಿಂತ ಅಗಲದ ವಾಷರ್ ಇರಲಿ. ಪ್ಯಾಚ್ ಪ್ಲೇಟು ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಮಾಡಿದ ಮೇಲೆ, ಪೂರ್ತಿ ಎಳೆಯುವ ಮೊದಲು, ಒಂದು ಫೋಟೋ ಹಾಕಿ.