ಬೆರಳಚ್ಚು ತಗೊಂಡು ಹುಡುಗೂರ ಮಿದುಳು ಹೇಳ್ತಾರಂತ, ರೊಕ್ಕ ಕಟ್ಟೂದೋ ಬ್ಯಾಡೋ?

ಸಾಧನಕೇರಿ ಅವ್ವ: ನಮ್ಮ ಮಗನ ಸಾಲ್ಯಾಗಿಂದ ನೋಟಿಸ್ ಬಂದೈತ್ರಿ. ಹತ್ತೂ ಬೆರಳು ಸ್ಕ್ಯಾನ್ ಮಾಡಿ ಎಡ ಮಿದುಳು ಎಷ್ಟು ಪರ್ಸೆಂಟ್, ಬಲ ಎಷ್ಟು, ಹುಡುಗ ಕಣ್ಣಿಂದ ಕಲಿಯಾಂವೋ ಕಿವಿಯಿಂದ ಕಲಿಯಾಂವೋ, ಮುಂದ ಎಂಜಿನಿಯರ್ ಆಗ್ತಾನೋ ಇಲ್ಲೋ ಎಲ್ಲಾ ಬಣ್ಣದ ರಿಪೋರ್ಟ್‌ನ್ಯಾಗ ಕೊಡ್ತಾರಂತ. 4,500 ರೂಪಾಯಿ. ನಮ್ಮನಿಯವ್ರು ಕಟ್ಟಿಬಿಡು ಅಂತಾರ, ನನಗ್ಯಾಕೋ ಮನಸ್ಸಿಲ್ಲ. ಯಾರರ ಮಾಡಿಸೀರೇನು?

ಕೇಶ್ವಾಪುರ ದೋಸ್ತ: ನಾವು ಮಾಡಿಸೇವ್ರಿ ಅಕ್ಕಾರ. ನನ್ನ ಮಗನ ಬಗ್ಗೆ ಬರದಿದ್ದು ಹೂಬಾಹೂಬ್ ಹೊಂದ್ತು, ‘ಸೂಕ್ಷ್ಮ ಸ್ವಭಾವ, ಪ್ರೀತಿಯಿಂದ ಹೇಳಿದ್ರ ಕಲೀತಾನ’ ಅಂತ. ತಾಯಿ ಹೊಟ್ಟ್ಯಾಗ ಬೆರಳಿನ ಗೆರಿ ಮತ್ತ ಮಿದುಳು ಎರಡೂ ಒಂದೇ ಪದರದಿಂದ ಆಗ್ತಾವ, ಅದಕ್ಕ ಸಂಬಂಧ ಐತಿ ಅಂತ ಅವ್ರು ಬಿಡಿಸಿ ಹೇಳಿದ್ರು. ಸೈನ್ಸ್ ಐತ್ರಿ ಇದರಾಗ.

ಸೈಕಾಲಜಿ ಎಂ.ಎ. ಹುಡುಗಿ: ಅಣ್ಣಾರ, ಅದೇ ಪದರದಿಂದ ಕೂದಲು, ಉಗುರು, ಹಲ್ಲಿನ ಮ್ಯಾಲಿನ ಬಿಳಿ ಹೊದಿಕಿನೂ ಆಗ್ತಾವ. ಹಂಗಂತ ಕಟಿಂಗ್ ಅಂಗಡ್ಯಾಂವ ಕೂದಲ ನೋಡಿ ಗಣಿತದ ಮಾರ್ಕ್ಸ್ ಹೇಳ್ತಾನೇನು? ಎಡ-ಬಲದ ಕತಿ ಎಲ್ಲಿಂದ ಬಂತಂದ್ರ, ಫಿಟ್ಸ್ ಜಡ್ಡು ಕಮ್ಮಿ ಆಗಲಿ ಅಂತ ಎರಡೂ ಅರ್ಧದ ನಡುವಿನ ನರದ ಕಟ್ಟು ಕತ್ತರಿಸಿಕೊಂಡ ರೋಗಿಗಳ್ನ ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರಿ ಪರೀಕ್ಷೆ ಮಾಡಿದ್ರು, ಅದಕ್ಕ 1981ರಾಗ ನೊಬೆಲ್ ಬಂತು. ನಮ್ಮ ನಿಮ್ಮ ಮಕ್ಕಳ ತಲ್ಯಾಗ ಆ ಕಟ್ಟು ಗಟ್ಟಿ ಐತಿ, ಎರಡೂ ಕಡೆ ಹಗಲು ರಾತ್ರಿ ಮಾತಾಡಿಕೋತನ ಇರ್ತಾವ. ಇನ್ನ ಕಣ್ಣಿಂದ ಕಲಿಯಾಂವ, ಕಿವಿಯಿಂದ ಕಲಿಯಾಂವ ಅನ್ನೂದು. 2008ರಾಗ ಹೆರಾಲ್ಡ್ ಪ್ಯಾಶ್ಲರ್ ಮತ್ತ ಅವರ ಜೋಡಿ ಮೂರು ಮಂದಿ ಮನಃಶಾಸ್ತ್ರಜ್ಞರು ಅಲ್ಲಿತನಕ ಆಗಿದ್ದ ಅಧ್ಯಯನ ಎಲ್ಲಾ ಜಾಲಾಡಿದ್ರು, ‘ಅವರವರ ಸ್ಟೈಲ್‌ಗೆ ತಕ್ಕಂಗ ಕಲಿಸಿದ್ರ ಜಾಸ್ತಿ ಕಲೀತಾರ’ ಅನ್ನಾಕ ಸರಿಯಾದ ಪುರಾವೆ ಸಿಗಲಿಲ್ಲ.

ಕೇಶ್ವಾಪುರ ದೋಸ್ತ: ಮತ್ತ ನಮಗ ಹೊಂದಿದ್ದು ಹೆಂಗ?

ಸೈಕಾಲಜಿ ಎಂ.ಎ. ಹುಡುಗಿ: ಪ್ರೀತಿಯಿಂದ ಹೇಳಿದ್ರ ಕಲೀದ ಹುಡುಗ ಯಾಂವ ಇದ್ದಾನ್ರಿ? ಐದು ಹುಡುಗೂರ ರಿಪೋರ್ಟ್ ಹೆಸರು ಅಳಿಸಿ ಮುಂದ ಇಡ್ರಿ, ನಿಮ್ಮ ಮಗಂದು ಯಾವುದು ಆರಿಸ್ರಿ ನೋಡೂಣು.

ಗದಗ ಅಕ್ಕೋರು: ನಾ ಸರ್ಕಾರಿ ಸಾಲ್ಯಾಗ ನಲಿ-ಕಲಿ ನಡಸ್ತೀನಿ. ಬೆರಳಿಂದು ಬಿಡ್ರಿ, ಅದು ಶುದ್ಧ ಧಂದೆ. ನನ್ನ ತಕರಾರು ಬ್ಯಾರೆ. ಟ್ರೇನಿಂಗ್‌ಗೆ ಹೋದ್ರ ಪಿಪಿಟಿಯೊಳಗ ಬಣ್ಣಬಣ್ಣದ ಮಿದುಳು, ನ್ಯೂರಾನ್ ನ್ಯೂರಾನ್ ಅಂತ ಎರಡು ತಾಸು, ಮರುದಿನ ಕ್ಲಾಸಿಗೆ ಬಂದ್ರ ಮಲ್ಲಪ್ಪಗ ಅದೇ ‘ಪ’ ಮತ್ತ ‘ಷ’ ಗೊಂದಲ. ಮಗ್ಗಿ ದಿನಾ ಕೇಳಬೇಕು, ಪುಸ್ತಕ ಮುಚ್ಚಿಸಿ ಕೇಳಬೇಕು ಅನ್ನೂದು ನಮ್ಮ ಹಳೇ ಮಾಸ್ತರಿಗೂ ಗೊತ್ತಿತ್ತು, ಅವರೇನ್ ಸ್ಕ್ಯಾನ್ ಮಾಡಿದ್ರೇನು?

ಸೈಕಾಲಜಿ ಎಂ.ಎ. ಹುಡುಗಿ: ಅಕ್ಕೋರ, ಅರ್ಧ ನಿಮ್ಮ ಮಾತೇ ಖರೇ. 2006ರಾಗ ರೋಡಿಗರ್ ಮತ್ತ ಕಾರ್ಪಿಕ್ ಅನ್ನೋ ಮನಃಶಾಸ್ತ್ರಜ್ಞರು ಕಾಲೇಜ್ ಹುಡುಗೂರಿಗೆ ಸಣ್ಣ ಪಾಠ ಓದಿಸಿ, ಕೆಲವರಿಗೆ ಮತ್ತೊಮ್ಮೆ ಓದ್ರಿ ಅಂದ್ರು, ಕೆಲವರಿಗೆ ನೆನಪಿದ್ದಷ್ಟು ನೋಡದ ಬರೀರಿ ಅಂದ್ರು. 5 ನಿಮಿಷ ಬಿಟ್ಟು ಕೇಳಿದ್ರ ಮತ್ತ ಓದಿದವರೇ ಮುಂದ. ವಾರ ಬಿಟ್ಟು ಕೇಳಿದ್ರ ತಿರಗಾಮುರಗಾ, ನೋಡದ ಬರದವರಿಗೆ ಸುಮಾರು 56 ಪರ್ಸೆಂಟ್ ನೆನಪು, ಓದಿದವರಿಗೆ 42. ಇದರಾಗ ಒಂದೂ ಸ್ಕ್ಯಾನ್ ಇಲ್ಲ. ಮಿದುಳಿನ ವಿಜ್ಞಾನದಿಂದ ನೇರ ಕ್ಲಾಸಿಗೆ ಜಿಗಿಯಾಕ ಆಗೂದಿಲ್ಲ, ನಡುವ ಮನಃಶಾಸ್ತ್ರ ಬೇಕು ಅಂತ ಅಮೆರಿಕದ ಜಾನ್ ಬ್ರೂಯರ್ 1997ರಾಗನ ಹೇಳ್ಯಾರ. ಆದ್ರ ಬಾಯಿಪಾಠ ಮಾಡಿಸಿದ ಎಲ್ಲಾ ಮಾಸ್ತರೂ ಶಾಣ್ಯಾರಿದ್ರು ಅನಬ್ಯಾಡ್ರಿ, ಬಡದು ಓದಿಸಿದವರೂ ಅವರೇ.

ರಾಣೇಬೆನ್ನೂರ ತಂದಿ: ಮಿದುಳಿನ ವಿಚಾರ ಉಪಯೋಗ ಇಲ್ಲ ಅನಬ್ಯಾಡ್ರಿ ಅಕ್ಕೋರ, ನಮಗ ಆಗೇತಿ. ನನ್ನ ಮಗ ನಾಲ್ಕನೇತ್ತಕ್ಕ ಬಂದ್ರೂ ಒತ್ತಕ್ಷರ ಬಂದಲ್ಲಿ ಗಾಡಿ ನಿಲ್ತಿತ್ತು, ‘ಕಷ್ಟ’ ಅನ್ನೂದನ್ನ ‘ಕಷ’ ಅಂತ ಓದಿ ನಮ್ಮ ಮುಖ ನೋಡ್ತಿದ್ದ, ಎಲ್ಲಾರೂ ಆಲಸಿ ಅಂದ್ರು, ನಾನೂ ಎರಡು ಏಟು ಹಾಕೇನಿ. ಆಮ್ಯಾಲ ಧಾರವಾಡದ ಮಾನಸಿಕ ಆರೋಗ್ಯ ಮತ್ತ ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಕರಕೊಂಡ ಹೋದ್ವಿ. ಅಲ್ಲಿ ಬೆರಳು ಕೇಳಲಿಲ್ಲ, ಓದಿಸಿದ್ರು, ಬರಿಸಿದ್ರು, ಶಬ್ದ ಬಿಡಿಸಿ ಹೇಳು ಅಂದ್ರು. ಡಿಸ್ಲೆಕ್ಸಿಯಾ ಅಂದ್ರು, ಅಂದ್ರ ಬುದ್ಧಿ ಇದ್ರೂ ಓದೂದು ಬರಿಯೂದು ಕಷ್ಟ ಆಗೂದು. ಮಾತಾಡೂದು ಕೂಸಿಗೆ ತಾನ ಬರ್ತೈತಿ, ಆದ್ರ ಓದಾಕಂತ ಮಿದುಳಿನಾಗ ಹುಟ್ಟಿನಿಂದ ಜಾಗಾ ಇರೂದಿಲ್ಲ, ಎಡಗಡೆ ಹಿಂದ ಮುಖ-ವಸ್ತು ಗುರುತಿಸೋ ಭಾಗದಾಗ ಸ್ವಲ್ಪ ಜಾಗಾ ಅಕ್ಷರಕ್ಕ ಒಗ್ಗಿಕೋತೈತಿ ಅಂತ ಫ್ರಾನ್ಸಿನ ಮಿದುಳು ವಿಜ್ಞಾನಿ ಸ್ಟಾನಿಸ್ಲಾಸ್ ದೆಹೆನ್ ಹೇಳಿದ್ದು ಓದಿದ ಮ್ಯಾಲ ಅವನ ಮ್ಯಾಲಿನ ನನ್ನ ಸಿಟ್ಟು ಹೋತು. ಅವರ 2010ರ ಅಧ್ಯಯನದಾಗ ದೊಡ್ಡವರಾದ ಮ್ಯಾಲ ಓದು ಕಲಿತವರಿಗೂ ಆ ಬದಲಾವಣೆ ಆಗಿತ್ತು.

ಗದಗ ಅಕ್ಕೋರು: ಇದು ಒಪ್ಪೋ ಮಾತು ನೋಡ್ರಿ.

ಸೈಕಾಲಜಿ ಎಂ.ಎ. ಹುಡುಗಿ: ನಿಮ್ಮ ಮಲ್ಲಪ್ಪನ ವಿಷಯಕ್ಕ ಇನ್ನೊಂದು. ಕನ್ನಡದಾಗ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಮಾಡಿದ ಕೆಲಸ ಐತಿ. ಇಂಗ್ಲಿಷಿನ 26 ಅಕ್ಷರದಂಗ ಅಲ್ಲ ನಮ್ದು, ಗುಣಿತ ಒತ್ತು ಎಲ್ಲಾ ಸೇರಿ ನೂರಾರು ಅಕ್ಷರ, ಪೂರ್ತಿ ಹಿಡಿತ ಬರಾಕ ಹಲವು ವರ್ಷ ಹಿಡಿತೈತಿ. ಒಂದನೇತ್ತದಾಗ ಮುಗೀಬೇಕು ಅನ್ನೂದ ತಪ್ಪು.

ಹಾವೇರಿ ಏಲಕ್ಕಿ: ನಿದ್ದಿ ಬಗ್ಗೆ ಯಾರೂ ಹೇಳಲಿಲ್ಲಲ್ಲ? ಹಗಲು ಕಲಿತದ್ದು ಗಟ್ಟಿ ಆಗೂದು ನಿದ್ದ್ಯಾಗ ಅಂತಾರ. ನನ್ನ ಮಗಳು ಪಿಯುಸಿ, ರಾತ್ರಿ 12ರತನಕ ಓದು, ಬೆಳಿಗ್ಗೆ 5ಕ್ಕ ಟ್ಯೂಷನ್.

ಸೈಕಾಲಜಿ ಎಂ.ಎ. ಹುಡುಗಿ: ಆ ವಯಸ್ಸಿನಾಗ ನಿದ್ದಿ ಬರೂದ ತಡ ಆಗ್ತೈತಿ, ದೇಹದ ಗಡಿಯಾರನ ಹಂಗ. ದೊಡ್ಡ ಹುಡುಗೂರ ಸಾಲಿ 8:30ಕ್ಕಿಂತ ಮೊದಲ ಶುರು ಮಾಡಬ್ಯಾಡ್ರಿ ಅಂತ ಅಮೆರಿಕದ ಮಕ್ಕಳ ಡಾಕ್ಟರ್ ಸಂಘ 2014ರಾಗ ಹೇಳ್ಯಾರ.

ಹಾವೇರಿ ಏಲಕ್ಕಿ: ಅವ್ರು ನಮ್ಮೂರ ಬಸ್ಸಿನ ಟೈಮ್ ಕೇಳಿ ಹೇಳಿದ್ರ ಚಲೋ ಇತ್ತು 😄

ಕೇಶ್ವಾಪುರ ದೋಸ್ತ: ಎಲ್ಲಾ ಸರಿ. ಆದ್ರ ರಿಪೋರ್ಟ್ ಓದಿ ನನ್ನ ಮಗಗ ಹುರುಪು ಬಂತು, ಅದಕ್ಕ ಬೆಲಿ ಇಲ್ಲೇನು?

ಗದಗ ಅಕ್ಕೋರು: ನಿಮ್ಮಾಂವಗ ಬಂತು. ನಮ್ಮ ಓಣ್ಯಾಗ ಒಂದು ಹುಡುಗಿ ರಿಪೋರ್ಟ್‌ನ್ಯಾಗ ‘ಲೆಕ್ಕದ ಸಾಮರ್ಥ್ಯ ಕಮ್ಮಿ’ ಅಂತ ಬರದಿದ್ರು. ಭಾಗಾಕಾರ ಹೇಳಿಕೊಡಾಕ ಹೋದ್ರ ‘ಟೀಚರ್, ನಂದು ಮಿದುಳನ ಹಂಗೈತ್ರಿ’ ಅಂತ ಪೆನ್ಸಿಲ್ ಕೆಳಗ ಇಡ್ತಾಳ. ಅದಕ್ಕ ಬೆಲಿ ಯಾರು ಕಟ್ತಾರ್ರಿ?

ಸಾಧನಕೇರಿ ಅವ್ವ: ಹೆಸರು ಅಳಿಸಿ ತೋರಿಸ್ತೀರೇನು ಅಂತ ಸಾಲಿ ಗ್ರೂಪಿನ್ಯಾಗ ಕೇಳಿದೆ. ‘ಇದು ಕಡ್ಡಾಯ ಅಲ್ಲ ಮೇಡಂ, ಆದ್ರ ಶುಕ್ರವಾರದೊಳಗ ಕಟ್ರಿ’ ಅಂತ ಉತ್ತರ ಬಂತು. ನಾ ಕಟ್ಟಂಗಿಲ್ಲ. ರಾಣೇಬೆನ್ನೂರ ಅಣ್ಣಾರ, ಡಿಮ್ಹಾನ್ಸ್‌ನ್ಯಾಗ ಯಾವ ವಿಭಾಗಕ್ಕ ಹೋಗಿದ್ರಿ, ಸ್ವಲ್ಪ ಹೇಳ್ರಿ, ನಮ್ಮ ಅಕ್ಕನ ಮಗಂದೂ ಇದೇ ಒತ್ತಕ್ಷರದ ಕತಿ.