ಸಹಾಯ ಬೇಕು: ‘ಸ್ಕೇಲ್’ ಪದಕ್ಕೆ ನೀವೇನು ಹೇಳ್ತೀರಿ?

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಸಂಗೀತ ಕಲಿಯುವ ಮಕ್ಕಳಿಗಾಗಿ ಒಂದು ಚಿಕ್ಕ ಪದಪಟ್ಟಿ ಬರೆಯುತ್ತಿದ್ದೇನೆ. ‘ಸ್ಕೇಲ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮಕ್ಕಳಿಗೆ ಸ್ಕೇಲ್ ಅಂದರೆ ಗೆರೆ ಎಳೆಯುವ ಪಟ್ಟಿ. ಭೂಪಟದಲ್ಲೂ ಸ್ಕೇಲ್ ಇದೆ. ಅದು ಸುಲಭ, ಹೇಳಿದರೆ ಅರ್ಥ ಆಗುತ್ತದೆ. ತೊಂದರೆ ಇರುವುದು ಸಂಗೀತದಲ್ಲೇ. ಇಂಗ್ಲಿಷ್‌ನಲ್ಲಿ ಸ್ಕೇಲ್ ಅಂದರೆ ಮೆಟ್ಟಿಲಿನಂತೆ ಏರಿ ಇಳಿಯುವ ಸ್ವರಗಳ ಸಾಲು. ಏಣಿ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಅದು ಬಂದಿದೆ. ಅವರ ಮೇಜರ್ ಸ್ಕೇಲ್‌ನ ಸ್ವರಗಳು ನಮ್ಮ ಕರ್ನಾಟಕ ಸಂಗೀತದ 29ನೇ ಮೇಳ (ಮೂಲ ರಾಗ) ಧೀರಶಂಕರಾಭರಣದ ಸ್ವರಗಳೇ. ಹಾಗಾದರೆ ‘ಆರೋಹಣ ಅವರೋಹಣ’ ಅಂತ ಬರೆದರೆ ಸಾಕಲ್ವಾ?

ಆದರೆ ನಮ್ಮಲ್ಲಿ ಹಾಡುವವರು ‘ನಿಮ್ಮ ಸ್ಕೇಲ್ ಯಾವುದು?’ ಅಂತ ಕೇಳಿದರೆ, ಅವರು ಕೇಳುತ್ತಿರುವುದು ಶ್ರುತಿಯನ್ನು, ಅಂದರೆ ಹಾಡಿಗೆ ಆಧಾರವಾದ ‘ಸ’ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು! ಉದಾಹರಣೆಗೆ, ‘ಸಿ ಶಾರ್ಪ್’ ಅನ್ನೋದು ಉತ್ತರ. ಅದನ್ನೇ ಕರ್ನಾಟಕ ಸಂಗೀತದವರು ಒಂದೂವರೆ ಅನ್ನುತ್ತಾರೆ, ಯಕ್ಷಗಾನದವರು ಹಾರ್ಮೋನಿಯಂನ ಕಪ್ಪು ಕೀಗಳ ಲೆಕ್ಕದಲ್ಲಿ ಕಪ್ಪು ಒಂದು ಅನ್ನುತ್ತಾರೆ. ಈ ಬಳಕೆ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಇಷ್ಟು ಜನ ಆಡುವ ಮಾತನ್ನು ಪಟ್ಟಿಯಿಂದ ಬಿಡಲೂ ಮನಸ್ಸಿಲ್ಲ.

ನಿಮ್ಮ ಸಹಾಯ ಬೇಕು. ನಿಮ್ಮ ಊರಲ್ಲಿ, ನಿಮ್ಮ ಪಾಠದಲ್ಲಿ ಸ್ಕೇಲ್ ಅಂದರೆ ಶ್ರುತಿಯೋ, ಸ್ವರಗಳ ಸಾಲೋ? ಶ್ರುತಿಗೆ ‘ಮನೆ’, ‘ಕಟ್ಟೆ’, ‘ಬಿಳಿ-ಕಪ್ಪು’, ಇವುಗಳಲ್ಲಿ ಯಾವುದು ಜಾಸ್ತಿ ಕೇಳಿದ್ದೀರಿ? ಹಾರ್ಮೋನಿಯಂ ನುಡಿಸುವವರು ದಯವಿಟ್ಟು ತಿಳಿಸಿ. ಊರಿನ ಹೆಸರನ್ನೂ ಬರೆದರೆ ತುಂಬ ಉಪಕಾರ.