ಸಹಾಯ ಬೇಕು: ‘ಬಹುಧ್ರುವ ಜಗತ್ತು’ ಅಂದ್ರೇನು ಅಂತ ಮಕ್ಕಳಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ನಮ್ಮೂರ ಹೈಸ್ಕೂಲಿನಲ್ಲಿ ಒಂದು ಗಂಟೆ ಮಾತಾಡಬೇಕು. ಅಮೆರಿಕದ ಕೈಲಿದ್ದ ಅಧಿಕಾರ ಹಲವು ದೇಶಗಳಿಗೆ ಹಂಚಿಹೋಗುತ್ತಿದೆ ಅನ್ನೋದು ವಿಷಯ. ‘ಬಹುಧ್ರುವ’ ಅಂದರೆ ಮಕ್ಕಳು ಉತ್ತರ ಧ್ರುವ, ದಕ್ಷಿಣ ಧ್ರುವ ಅಂದುಕೊಳ್ಳುತ್ತಾರೆ! ಇದಕ್ಕೆ ಸುಲಭದ ಪದ ಯಾರಿಗಾದರೂ ಹೊಳೆಯುತ್ತದಾ?

ಬ್ರಿಕ್ಸ್ ಅನ್ನೋ ದೇಶಗಳ ಕೂಟದ ಕಥೆಯಿಂದ ಶುರು ಮಾಡುತ್ತೇನೆ. 2009ರಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ಮೊದಲ ಶೃಂಗಸಭೆ ನಡೆದಾಗ ಇದ್ದದ್ದು ನಾಲ್ಕೇ ದೇಶ: ಬ್ರೆಜಿಲ್, ರಷ್ಯಾ, ಭಾರತ, ಚೀನಾ. ಆಮೇಲೆ ದಕ್ಷಿಣ ಆಫ್ರಿಕಾ ಸೇರಿತು. 2024ರಲ್ಲಿ ಈಜಿಪ್ಟ್, ಇಥಿಯೋಪಿಯಾ, ಇರಾನ್, ಯುಎಇ ಬಂದವು. 2025ರಲ್ಲಿ ಇಂಡೋನೇಷ್ಯಾ. ಕರೆದರೂ ಅರ್ಜೆಂಟೀನಾ ಬರಲಿಲ್ಲ. ಶಾಂಘೈನಲ್ಲಿ ಇವರದೇ ಬ್ಯಾಂಕ್ ಇದೆ. ಅದರ ಮೊದಲ ಅಧ್ಯಕ್ಷರು ನಮ್ಮ ಮಂಗಳೂರಿನ ಕೆ.ವಿ. ಕಾಮತ್. ಇದನ್ನಂತೂ ಹೇಳೇ ಹೇಳುತ್ತೇನೆ.

ನಾನು ಸಿಕ್ಕಿಹಾಕಿಕೊಂಡಿರುವುದು ಐಎಂಎಫ್ (ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ) ವಿಷಯದಲ್ಲಿ. ಅಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ 85ರಷ್ಟು ಮತ ಬೇಕು. ಅಮೆರಿಕ ಒಂದರ ಬಳಿಯೇ ಶೇ 16ಕ್ಕಿಂತ ಜಾಸ್ತಿ ಇದೆ. ಅದು ಬೇಡ ಅಂದರೆ ಮುಗೀತು, ಅಲ್ವಾ? ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲೂ 1945ರಿಂದ ಕಾಯಂ ಕುರ್ಚಿ ಐದೇ. ಹಾಗಾದರೆ ಅಧಿಕಾರ ನಿಜವಾಗಿ ಹಂಚಿಹೋಗಿದೆಯಾ, ಸುಮ್ನೆ ಗುಂಪು ದೊಡ್ಡದಾಗಿದೆಯಾ? ಹತ್ತನೇ ಕ್ಲಾಸಿನ ಹುಡುಗರು ಬಿಡುವವರಲ್ಲ, ಕೇಳಿಯೇ ಕೇಳುತ್ತಾರೆ.

ಇನ್ನೊಂದು. ಭಾರತ ಬ್ರಿಕ್ಸ್‌ನಲ್ಲೂ ಇದೆ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಜೊತೆಗಿನ ನಾಲ್ಕು ದೇಶಗಳ ಕೂಟವಾದ ಕ್ವಾಡ್‌ನಲ್ಲೂ ಇದೆ. ಇದಕ್ಕೊಂದು ದಿನಬಳಕೆಯ ಉದಾಹರಣೆ ಕೊಡಿ. ಹಾಲಿನ ಡೇರಿ ಚುನಾವಣೆಗೆ ಹೋಲಿಸೋಣ ಅಂದುಕೊಂಡೆ. ಆದರೆ ಊರಲ್ಲಿ ಈಗ ಅದೇ ಚುನಾವಣೆ ನಡೀತಿದೆ, ಜಗಳ ಆದೀತು. ಕನ್ನಡದಲ್ಲಿ ಒಳ್ಳೆ ನಕ್ಷೆ ಇದ್ದರೆ ಗುರುವಾರದೊಳಗೆ ಇಲ್ಲಿ ಹಾಕಿ.